ಹೊಸಬರ ಕಟ್ಟೆಯ ಮೇಲೆ ನೀಲಗಂಗವ್ವ

ಸೈಕಲ್ಲು ಬಾಡಿಗೆಗೆ ಕೊಡುವಾಗ ನಾನು ಎಲ್ಲರಿಗೂ ಹೇಳುವ ಮಾತು ಎರಡೇ. ಒಂದು, ಇಳಿಜಾರಿನಲ್ಲಿ ಮುಂದಿನ ಬ್ರೇಕು ಒತ್ತಬೇಡಿ. ಇನ್ನೊಂದು, ಹೊಸಬರ ಕಟ್ಟೆಯ ಮೇಲೆ ಒಬ್ಬರೇ ಕೂರಬೇಡಿ, ಗುರುತಿನವರ ಜೊತೆಗಂತೂ ಕೂರಲೇಬೇಡಿ. ಮೊದಲನೆಯದನ್ನು ಮರೆತವರು ಮೊಳಕಾಲು ಕೆತ್ತಿಸಿಕೊಂಡು ಬರುತ್ತಾರೆ. ಎರಡನೆಯದನ್ನು ಮರೆತವರು ಬರುವುದೇ ಇಲ್ಲ. ಆಗ ಅಂಗಡಿಯ ಬಾಗಿಲು ಎಳೆದುಕೊಂಡು, ಅವರಿಗೆ ಗುರುತಿಲ್ಲದ ಯಾರನ್ನಾದರೂ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ನಾನೇ ಹೋಗಿ ಬಿಡಿಸಿಕೊಂಡು ಬರಬೇಕು. ಬರುವಾಗ ದಾರಿಯುದ್ದಕ್ಕೂ ಬೈಯುತ್ತೇನೆ. ಅದು ಬಾಡಿಗೆಯಲ್ಲೇ ಸೇರಿದೆ.

ನನ್ನ ಅಂಗಡಿ ಇರುವುದು ಕೆರೆ ಏರಿಯ ತುದಿಯಲ್ಲಿ. ಅಲ್ಲಿಂದ ಹೊರಡುವ ದಾರಿ ಕೆರೆಯನ್ನು ಒಂದು ಸುತ್ತು ಹಾಕಿ ಮತ್ತೆ ನನ್ನ ಅಂಗಡಿಯ ಮುಂದೆಯೇ ಬಂದು ಮುಗಿಯುತ್ತದೆ. ನೀರಿನ ಕಡೆ ನಡೆಯುವವರು, ಹೊಲದ ಕಡೆ ಸೈಕಲ್ಲಿನವರು, ನಟ್ಟನಡುವೆ ಎಮ್ಮೆಗಳು. ದಾರಿ ಅರ್ಧ ಮುಗಿಯುವಲ್ಲಿ ಒಂದು ಹುಣಸೆಮರ ಇದೆ, ಅದರ ಕೆಳಗೆ ನೀರಿಗೆ ಮುಖ ಮಾಡಿ ನಾಲ್ಕು ಜನ ಕೂರುವಷ್ಟು ಉದ್ದದ ಕಲ್ಲುಕಟ್ಟೆ, ಪಕ್ಕದಲ್ಲಿ ಗೂಳಪ್ಪನ ಚಹಾದ ಗೂಡಂಗಡಿ. ಅಲ್ಲಿ ನಿಂತು ನೋಡಿದರೆ ಕಾಣುವುದು ಕೆರೆ, ಅದರಾಚೆ ಗುಡ್ಡ, ಅಷ್ಟೇ. ಕಟ್ಟೆಯ ಮೇಲೆ ಕೂತು ನೋಡಿದರೆ ಮಾತ್ರ ಗುಡ್ಡಕ್ಕೂ ನೀರಿನೊಳಗಿನ ಅದರ ನೆರಳಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಮೀನುಗಾರರ ಹರಿಗೋಲು ಗುಡ್ಡದ ನೆತ್ತಿಯ ಮೇಲೆ ನಿಧಾನವಾಗಿ ಹೋಗುತ್ತದೆ, ಬೆಳ್ಳಕ್ಕಿಗಳು ಕೆಳಗಿನಿಂದ ಹಾರುತ್ತವೆ. ಗೂಳಪ್ಪ ಒಮ್ಮೆ ಅಷ್ಟೇ ಎತ್ತರದ ಸ್ಟೂಲು ಮಾಡಿಸಿ ಕಟ್ಟೆಗೆ ಅಂಟಿಸಿಯೇ ಹಾಕಿ ಕೂತು ನೋಡಿದ. ಅವನಿಗೆ ಕಂಡಿದ್ದು ಕೆರೆ ಮತ್ತು ಎಮ್ಮೆ.

ಕಟ್ಟೆ ಕೂತವರನ್ನು ಏಳಗೊಡುವುದಿಲ್ಲ. ನೋವಿಲ್ಲ, ಅಂಟಿಲ್ಲ, ಏಳಬೇಕೆಂದರೆ ಏಳಲಾಗುವುದಿಲ್ಲ ಅಷ್ಟೇ. ಗುರುತಿಲ್ಲದ ಒಬ್ಬರು ಬಂದು ಪಕ್ಕದಲ್ಲಿ ಕೂತರೆ ಇಬ್ಬರೂ ಏಳಬಹುದು. ಎದ್ದ ಮೇಲೆ ಅವರಿಬ್ಬರೂ ಗುರುತಿನವರಾದರು, ಮತ್ತೊಮ್ಮೆ ಒಬ್ಬರನ್ನೊಬ್ಬರು ಬಿಡಿಸಲು ಬರುವುದಿಲ್ಲ. ಹೆಜ್ಜೆ ಇಡದ ಕೂಸುಗಳನ್ನು ಕಟ್ಟೆ ಹಿಡಿಯುವುದಿಲ್ಲ, ಆದರೆ ಬೇರೆಯವರನ್ನು ಬಿಡಿಸಲು ಕೂಸೂ ಸಾಕು. ಒಂದು ಮಾತಾಡಿದರೂ, ಹೆಸರು ಕೇಳಿದರೂ ಗುರುತಾದ ಹಾಗೆಯೇ. ಇಷ್ಟೇ ಕಾನೂನು. ಯಾಕೆ ಹೀಗೆ ಎಂದು ಕೇಳುವವರಿಗೆ ನಾನು ಟೈರಿಗೆ ಗಾಳಿ ಹಾಕುತ್ತಾ ತಿರುಗಿ ಕೇಳುತ್ತೇನೆ, ಗಾಳಿ ಯಾಕೆ ಒಳಗೇ ಇರುತ್ತದೆ, ಹೇಳಿ ನೋಡೋಣ?

ಸಣ್ಣ ಊರು, ಎಲ್ಲರಿಗೂ ಎಲ್ಲರ ಗುರುತು. ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರೂ ಒಂದಿಬ್ಬರನ್ನು ಬೇಕೆಂದೇ ಗುರುತು ಮಾಡಿಕೊಳ್ಳದೆ ಉಳಿಸಿಕೊಳ್ಳುತ್ತೇವೆ, ಉಪ್ಪಿನಕಾಯಿ ಭರಣಿಯ ತಳದಲ್ಲಿ ನಾಲ್ಕು ಹೋಳು ಉಳಿಸಿದ ಹಾಗೆ. ನನಗೊಬ್ಬರು ಹಸಿರು ಸೈಕಲ್ಲಿನವರಿದ್ದರು. ಉದ್ದ ಆಳು, ಗಿರಣಿಯ ಹಿಂದಿನ ಓಣಿಯವರು. ಅವರ ಚೈನು ಸಡಿಲವಿದೆ ಎಂದು ಶಬ್ದದಲ್ಲೇ ಗೊತ್ತಾಗುತ್ತಿತ್ತು, ಆದರೂ ವರ್ಷಗಟ್ಟಲೆ ಬಾಯಿ ಬಿಗಿಹಿಡಿದು ಆಚೆ ನೋಡಿದ್ದೇನೆ. ಯಾರ ಮನೆಯಲ್ಲಾದರೂ ಕೂಸು ಹುಟ್ಟಿದರೆ ನಾವು ನೋಡಲು ಹೋಗುವುದಿಲ್ಲ. ಹೊಸ್ತಿಲ ಹೊರಗೆ ಬೆನ್ನು ತಿರುಗಿಸಿ ನಿಂತು ಕೊಬ್ಬರಿ, ಬೆಲ್ಲ ಕೊಟ್ಟು, "ಹೆಸರು ಹೇಳಬ್ಯಾಡ್ರೀ" ಎಂದು ಕೂಗಿ ಬಂದುಬಿಡುತ್ತೇವೆ. ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸುವ ಪದ್ಧತಿಯೂ ಇದೆ. ಇಬ್ಬರೂ ಸಲೀಸಾಗಿ ಎದ್ದರೆ ಹಿರಿಯರಿಗೆ ಸಮಾಧಾನ. ಬೇಕರಿಯ ಶಿವಪುತ್ರನನ್ನೂ ಚಂಪಾಳನ್ನೂ ಹಾಗೆ ಕೂರಿಸಿದಾಗ ಇಬ್ಬರೂ ಏಳಲಿಲ್ಲ. ಚಂಪಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಏನ್ರೋ, ಎಷ್ಟ ದಿನದಿಂದ ನಡದೈತಿ ಇದು?" ಎಂದು ಗೂಳಪ್ಪ ಕೇಳಿದ್ದೇ ತಡ, ಬೀಗರೂ ನಕ್ಕುಬಿಟ್ಟರು.

ಹೀಗೆ ಕಟ್ಟೆಯನ್ನೂ ನಮ್ಮನ್ನೂ ಹೊಂದಿಸಿಕೊಂಡು ಎಲ್ಲರೂ ಜೀವನದಲ್ಲಿ ಒಂದೆರಡು ಸಲವಾದರೂ ಅಲ್ಲಿ ಕೂತು ಎದ್ದವರೇ, ಒಬ್ಬರ ಹೊರತು. ಆ ಒಬ್ಬರು ನೀಲಗಂಗವ್ವ, ನಮ್ಮೂರಿನ ಸೂಲಗಿತ್ತಿ. ನಮ್ಮಲ್ಲಿ ಆಸ್ಪತ್ರೆ ಇಲ್ಲ. ಊರಿಗೆ ಬರುವ ದಾರಿ ಗೊತ್ತಿರುವುದು ಸಂತೆಯ ದಿನ ಬರುವ ಬಸ್ಸಿಗೆ ಮಾತ್ರ. ಹಾಗಾಗಿ ಊರೆಂಬ ಊರೇ ಅವರ ಕೈಮೇಲೆ ಹುಟ್ಟಿದ್ದು. ನಾನೂ ಅಷ್ಟೇ. ಕಾಲು ಮುಂದಾಗಿ ಬಂದೆನಂತೆ. "ಆವಾಗಿಂದ ನಿನಗ ಪೆಡ್ಲ ತುಳಿಯೋ ಅವಸರ" ಎಂದು ಈಗಲೂ ಚುಡಾಯಿಸುತ್ತಾರೆ. ಅವರಿಗಿಂತ ಹಿರಿಯರಿಗೆಲ್ಲ ಅವರೇ ಇಂಜೆಕ್ಷನ್ನು ಚುಚ್ಚಿದ್ದು. ಹೊರಗಿನಿಂದ ಬಂದ ಸೊಸೆಯಂದಿರಾಗಲಿ, ಸಂತೆಯ ವ್ಯಾಪಾರಿಗಳಾಗಲಿ, ಬಸ್ಸಿನ ಮೆಟ್ಟಿಲು ಇಳಿಯುವ ಮೊದಲೇ ಅವರ ಕೈಗೆ ಸಿಗುತ್ತಾರೆ. ಹೊಸ ಮುಖ ಕಂಡರೆ ಒಂದೇ ಉಸಿರಿಗೆ ಮೂರು ಪ್ರಶ್ನೆ: "ಯಾರವ್ವಾ ನೀ? ಯಾ ಊರಾಕಿ? ಉಂಡಿಯೋ ಇಲ್ಲೋ?" ಕೇಳದೆ ಇರು ಎಂದರೆ ಅವರಿಗೆ ಹೊಟ್ಟೆನೋವು ಬರುತ್ತದೆ. ಊರಿಗೆ ಹೊಸಬರನ್ನೆಲ್ಲ ತಂದುಕೊಟ್ಟ ಆ ಹೆಂಗಸಿಗೆ ತನ್ನದೆನ್ನುವ ಒಬ್ಬ ಹೊಸಬರೂ ಉಳಿದಿರಲಿಲ್ಲ.

ಒಂದು ದಿನ ಅವರು ಸೈಕಲ್ಲು ತಳ್ಳಿಕೊಂಡೇ ಅಂಗಡಿಗೆ ಬಂದರು. ತುಳಿಯುವ ಬದಲು ತಳ್ಳುತ್ತಿದ್ದದ್ದು ನೋಡಿ ಪಂಕ್ಚರ್ ಎಂದುಕೊಂಡೆ. ಎರಡೂ ಟೈರು ಗಟ್ಟಿಯಾಗಿದ್ದವು.

"ಇಂದೂ, ಇದನ್ನ ಯಾರಿಗರೆ ಕೊಟ್ಟಬಿಡವ್ವಾ. ಮೊಳಕಾಲು ನನ್ನ ಮಾತು ಕೇಳವಲ್ಲವು" ಎಂದರು.

"ಕಾಲಿಗೆ ಎಣ್ಣಿ ಹಚ್ಚಿ ತಿಕ್ಕರಿ. ಸೈಕಲ್ಲಿಗೆ ನಾ ಎಣ್ಣಿ ಬಿಡತೀನಿ" ಎಂದೆ.

ಅವರು ನಗಲಿಲ್ಲ. ಕೆರೆಯ ಆಚೆ ದಂಡೆಯ ಹುಣಸೆಮರದ ಕಡೆ ಕೈ ತೋರಿಸಿದರು. "ಹಡಿಯಾಕಿಯ ಮನಿಗೆ ಓಡೂವಾಗೆಲ್ಲ ಆ ಕಟ್ಟಿ ಮುಂದನ ಹೋಗೀನಿ. ಕುಂತವರು ಬಾಯಿ ಬಿಟಗೊಂಡು ನೋಡತಿರತಾರು. ಏನ ನೋಡತಾರೋ ಏನೋ. ಒಂದ ಸಂಜಿ ಕುಂದ್ರಬೇಕಂತ ಬಾಳ ಆಸೆ ಇತ್ತು ನೋಡು. ಹೋಗಲಿ ಬಿಡು, ಕುಂತ್ರ ನನ್ನ ಎಬ್ಬಸವರು ಯಾರು?"

ನಾನು ಸುಲಭಕ್ಕೆ ಕರಗುವವಳಲ್ಲ, ಬಾಡಿಗೆ ತಡವಾದರೆ ಮದುವಣಿಗನನ್ನೂ ಬಿಟ್ಟವಳಲ್ಲ. ಆದರೆ ಈ ಭೂಮಿಯ ಮೇಲೆ ನನ್ನನ್ನು ಮೊದಲು ಹಿಡಿದ ಕೈ ಅದು. ಅವರ ಸೈಕಲ್ಲನ್ನು ಗೋಡೆಗೆ ಒರಗಿಸಿ, "ಇದನ್ನ ಯಾರಿಗೂ ಕೊಡಂಗಿಲ್ಲ. ಮುಂದಿನ ಸಂತಿ ದಿನ ನೀವು ಕಟ್ಟಿ ಮ್ಯಾಲ ಕುಂದರ್ತೀರಿ, ನಾ ಎಬ್ಬಸ್ತೀನಿ" ಎಂದುಬಿಟ್ಟೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ನನಗೆ ಚೈನು, ಬೆಲ್ಲು ಕಳಿಸುವ ಪಟ್ಟಣದ ಅಂಗಡಿಯಲ್ಲಿ ಹೊಸದಾಗಿ ಮಾಣಿಕರಾವ್ ಎಂಬವರು ಸೇರಿದ್ದರು. ಫೋನಿನಲ್ಲಿ ಮಾತ್ರ ಮಾತಾಡಿದ್ದೆ, ಬಹಳ ಮರ್ಯಾದಸ್ಥರು, "ಹಲೋ" ಎಂಬುದಕ್ಕೂ "ರೀ" ಸೇರಿಸುವಂಥವರು. ವಿಷಯ ಹೇಳಿದೆ. ಪಾಪ, ಒಪ್ಪಿಕೊಂಡರು. ಊರೊಳಗೆ ಬರದೆ ಹಿಂದಿನ ತಿರುವಿನಲ್ಲೇ ಬಸ್ಸು ಇಳಿಯುವುದು, ಕೆರೆಯ ಎಡಗಡೆಯಿಂದ ನಡೆದು ಬರುವುದು, ಯಾರು ಏನು ಕೇಳಿದರೂ ತುಟಿ ಪಿಟಕ್ಕೆನ್ನದೆ ಸೀದಾ ಬಂದು ಕಟ್ಟೆಯ ಮೇಲೆ ಕೂರುವುದು. ಇತ್ತ ನೀಲಗಂಗವ್ವನಿಂದಲೂ ಸೈಕಲ್ಲಿನ ಹ್ಯಾಂಡಲ್ ಮುಟ್ಟಿಸಿ ಆಣೆ ಮಾಡಿಸಿಕೊಂಡೆ. ಅವರು ಬಂದು ಕೂರುವ ತನಕ ಇವರು ಬಾಯಿ ತೆರೆಯುವಂತಿಲ್ಲ.

ಸುದ್ದಿ ಹರಡಿತು. ನಮ್ಮೂರಲ್ಲಿ ಗುಟ್ಟು ಎಂದರೆ ಎಲ್ಲರಿಗೂ ಮೆಲ್ಲಗೆ ಹೇಳುವುದು ಎಂದೇ ಅರ್ಥ. ಸಂತೆಯ ದಿನ ಊರೇ ಕಟ್ಟೆಯ ಹತ್ತಿರ ಸೇರಿತು, ಶಿವಪುತ್ರ ಬೇಕರಿ ಮುಚ್ಚಿ ಬುಟ್ಟಿ ತುಂಬ ಬನ್ನು ತಂದ. ತುಂಬು ಗರ್ಭಿಣಿ ಚಂಪಾ ಬಂದಿರಲಿಲ್ಲ. ಅವಳ ಹೊಟ್ಟೆ ಆ ಸಲ ಊರಿನ ಮಾತಾಗಿತ್ತು, ಅಷ್ಟು ದೊಡ್ಡದು. "ಗಂಡ ಬೇಕರ್ಯಾಂವ, ಬನ್ನು ತಿನ್ನಿಸಿ ತಿನ್ನಿಸಿ ಹಿಂಗಾಗೇತಿ. ಒಳಗ ಇರಾಂವ ಒಬ್ಬನ, ಆದ್ರ ಭೀಮ" ಎಂದು ನೀಲಗಂಗವ್ವ ತೀರ್ಪು ಕೊಟ್ಟಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟು ಅವರು ಹೇಳಿದ್ದು ಅದುವರೆಗೆ ತಪ್ಪಿದ್ದಿಲ್ಲ. ದಿನಾ ಸಂಜೆ ಹೋಗಿ ಆ ಹೊಟ್ಟೆಯ ಜೊತೆ ಮಾತಾಡಿ ಬರುತ್ತಿದ್ದರು: "ಏ ಭೀಮಾ, ಅವ್ವಗ ಒದಿಬ್ಯಾಡ, ಹೊರಗ ಬಾ, ನಿನಗೈತಿ."

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸು ತಿರುವಿನಲ್ಲಿ ಹಾರ್ನು ಹಾಕಿತು. ಆ ಶಬ್ದ ಕೇಳಿದ್ದೇ ನೀಲಗಂಗವ್ವ ಇನ್ನು ತಡೆಯಲಾರೆ ಎಂಬಂತೆ ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕೂತೇಬಿಟ್ಟರು. ಮಾಣಿಕರಾವ್ ಬಂದ ಮೇಲೆ ಕೂರಿ ಎಂದು ನಾನು ಹೇಳಿದ್ದು ಗಾಳಿಗೆ ಹೋಯಿತು. ಗೂಳಪ್ಪ ಕೆಟಲನ್ನು ಒಲೆಯಿಂದ ಇಳಿಸಿದ. ಎಲ್ಲರೂ ಅವರ ಮುಖವನ್ನೇ ನೋಡುತ್ತಾ ನಿಂತೆವು.

ಅವರು ನೀರಿನ ಕಡೆ ನೋಡಿದರು. ಮೊದಲು ಕಣ್ಣು ಕಿರಿದು ಮಾಡಿದರು, ಆಮೇಲೆ ಅಗಲ ಮಾಡಿದರು. ಆಣೆ ಇದ್ದದ್ದರಿಂದ ಏನೂ ಹೇಳಲಿಲ್ಲ, ಆದರೆ ತೊಡೆಯ ಮೇಲೆ ಬಿಗಿಯಾಗಿ ಇದ್ದ ಎರಡು ಕೈಗಳು ಮೆಲ್ಲನೆ ಅಂಗೈ ಮೇಲಾಗಿ ತೆರೆದುಕೊಂಡವು. ನಾನು ಆ ಕೈಗಳು ಸುಮ್ಮನೆ ಇದ್ದದ್ದನ್ನು ನೋಡಿದ್ದು ಅದೇ ಮೊದಲು. ಸದ್ಯ, ಮಾತು ಕೊಟ್ಟದ್ದು ಸಾರ್ಥಕವಾಯಿತು ಎಂದು ಖುಷಿಪಟ್ಟೆ.

ಅಷ್ಟರಲ್ಲಿ ದಾರಿಯ ತಿರುವಿನಲ್ಲಿ ಮಾಣಿಕರಾವ್ ಕಾಣಿಸಿಕೊಂಡರು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಕಾಲಲ್ಲಿ ಹೊಚ್ಚಹೊಸ ಚಪ್ಪಲಿ. ಆ ಚಪ್ಪಲಿ ಕಚ್ಚಿ ಕುಂಟುತ್ತಿದ್ದರು. ಅದೇ ನಮ್ಮ ದುರದೃಷ್ಟ. ಕುಂಟುವವರನ್ನು ಕಂಡು ಸುಮ್ಮನಿರಲು ನೀಲಗಂಗವ್ವನ ಆಣೆಗೆ ಶಕ್ತಿ ಸಾಲಲಿಲ್ಲ.

"ಏ ತಮ್ಮಾ! ಕಾಲಿಗೇನಾತೋ? ಯಾ ಊರು ನಿಂದು? ಹೆಸರೇನು? ಉಂಡಿಯೋ ಇಲ್ಲೋ?"

"ಮಾಣಿಕರಾವ್ ರೀ! ಚಪ್ಪಲಿ ಕಚ್ಚೇತ್ರಿ! ಊಟ ಆಗೇತ್ರಿ ಅಮ್ಮಾರ, ತಮ್ಮದು?" ಎಂದು ಆ ಮರ್ಯಾದಸ್ಥರು ಅಲ್ಲಿಂದಲೇ ಕೈಮುಗಿದರು.

ಇಬ್ಬರೂ ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಇಟ್ಟುಕೊಂಡು ಏನು ಪ್ರಯೋಜನ? ಗುರುತಾಗಿಹೋಗಿತ್ತು. ಪಾಪ, ಆಗಲೂ ಮಾತು ಉಳಿಸಿಕೊಳ್ಳಲು ಅವರು ಓಡಿ ಬಂದು ಕೂರಲು ಹೋದರು. ನಾನು ಕೊರಳಪಟ್ಟಿ ಹಿಡಿದು ಎಳೆಯದಿದ್ದರೆ ಅವರೂ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಬಸ್ಸು ಆಗಲೇ ಹೋಗಿಯಾಗಿತ್ತು. ಇನ್ನು ಮುಂದಿನ ಸಂತೆಯವರೆಗೆ ಊರಿಗೆ ಒಂದು ನರಪಿಳ್ಳೆಯೂ ಬರುವ ಹಾಗಿರಲಿಲ್ಲ.

ನಾನು ತಲೆಯ ಮೇಲೆ ಕೈಹೊತ್ತು ನಿಂತೆ. ನೀಲಗಂಗವ್ವ ಮಾತ್ರ ನಗುತ್ತಿದ್ದರು. "ಬೈಬ್ಯಾಡ ಇಂದೂ. ಮುಂದಿನ ಸಂತಿ ತನಕ ಇಲ್ಲೇ ಕುಂದರ್ತೀನಿ, ಏನಾತೀಗ? ನೋಡಿಲ್ಲೆ, ಹರಿಗೋಲು ಗುಡ್ಡ ಹತ್ತಾಕತ್ತೇತಿ. ಇಷ್ಟ ವರ್ಷ ನೀವೆಲ್ಲಾ ಇದನ್ನ ನೋಡಿ ನನಗ ಬರೇ ಚಲೋ ಐತಿ ಅಂತಿದ್ರೆಲ್ಲೋ, ಇಷ್ಟ ಚಲೋ ಐತಿ ಅಂತ ಯಾರೂ ಹೇಳಲೇ ಇಲ್ಲ!" ಗೂಳಪ್ಪ ಚಹಾ ಕೊಟ್ಟ. ಯಾರೋ ದಿಂಬು ತರಲು ಓಡಿದರು, ಯಾರೋ ಕೌದಿ. ಮಾಣಿಕರಾವ್ ತಮ್ಮ ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದುಕೊಂಡು, ತಪ್ಪಾಯಿತು, ತಪ್ಪಾಯಿತು ಎನ್ನುತ್ತಾ ನಿಂತರು. ಉಳಿದ ವ್ಯವಸ್ಥೆಗಳ ಬಗ್ಗೆ ಹೆಂಗಸರು ಆಚೆ ಹೋಗಿ ಗುಸುಗುಸು ಮಾತಾಡಿಕೊಂಡರು. ಒಟ್ಟಿನಲ್ಲಿ ಹಬ್ಬದ ಕಳೆ ಬಂದಿತ್ತು.

ಆ ಕಳೆ ಇಳಿಸಿದ್ದು ಚಂಪಾಳ ಅತ್ತೆ. ಏದುಸಿರು ಬಿಡುತ್ತಾ ದಾರಿಯಲ್ಲಿ ಓಡಿ ಬಂದ ಆಕೆ, "ನೀಲಗಂಗಕ್ಕಾ, ಲಗೂನ ಬಾ! ಚಂಪಾಗ ಬ್ಯಾನಿ ಬಂದಾವು!" ಎಂದರು. ನೀಲಗಂಗವ್ವ ಎಣಿಸಿದ ದಿನ ಇನ್ನೂ ಬಂದಿರಲಿಲ್ಲ. ಬೆಳಗಿನಿಂದಲೇ ನೋವಿತ್ತಂತೆ. ಅವ್ವ ಇವತ್ತೊಂದು ದಿನ ಕಟ್ಟೆಯ ಮೇಲೆ ಕೂರಲಿ, ಅವರ ಸಂಜೆ ಕೆಡಿಸಬಾರದು ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳಂತೆ ಆ ಹುಡುಗಿ.

ನೀಲಗಂಗವ್ವ ಅಭ್ಯಾಸಬಲದಿಂದ ಏಳಲು ಹೋದರು. ಆಗಲಿಲ್ಲ. ಕೈಯೂರಿ ಹೋದರು. ಆಗಲಿಲ್ಲ. ನಾನೂ ಶಿವಪುತ್ರನೂ ರಟ್ಟೆ ಹಿಡಿದು ಎಳೆದೆವು. ಅವರ ಮುಖದಿಂದ ನಗು ಒರೆಸಿದ ಹಾಗೆ ಹೋಯಿತು. ಅವರು ಹೋಗದ ಹೆರಿಗೆ ನಮ್ಮೂರಲ್ಲಿ ಆದದ್ದೇ ಇಲ್ಲ. ಉಳಿದವರಿಗೆ ಯಾರಿಗೂ ನೀರು ಕಾಸಿಕೊಡುವುದಕ್ಕಿಂತ ಹೆಚ್ಚು ಗೊತ್ತಿಲ್ಲ. ಶಿವಪುತ್ರ ಚಿಕ್ಕ ಹುಡುಗನಂತೆ ಅಳತೊಡಗಿದ. ಈ ಕಟ್ಟೆಯ ಮೇಲೆ ಇವರನ್ನು ಕೂರಿಸಿದವಳು ನಾನು.

"ಅಳೋದು ಆಮ್ಯಾಲ" ಎಂದು ನೀಲಗಂಗವ್ವ ಗದರಿದರು. "ನಾ ಹೋಗಾಕ ಆಗದಿದ್ರ ಆಕಿ ಬರಲಿ. ಶಿವಪುತ್ರಾ, ನಿನ್ನ ಬನ್ನಿನ ಗಾಡಿ ತಾ. ಗೂಳ್ಯಾ, ನೀರು ಕಾಸು. ಇಂದೂ, ಚಾಪಿ ಹಾಸು, ಕಟ್ಟಿ ಮ್ಯಾಲ ಬ್ಯಾಡ, ನನ್ನ ಕಾಲ ಮುಂದ ಹಾಸು. ಹೆಂಗಸರೆಲ್ಲಾ ಸೀರಿ ಹಿಡೀರಿ ಸುತ್ತಲೂ. ನೀರಿನ ಕಡೆ ಮಾತ್ರ ಬಿಡ್ರಿ, ಆಕೀನೂ ಒಂದೀಟು ನೋಡಲಿ."

ಬೇಕರಿಯ ಮೂರು ಗಾಲಿಯ ಬನ್ನಿನ ಗಾಡಿಯಲ್ಲಿ ಕೌದಿಯ ಮೇಲೆ ಒರಗಿಸಿಕೊಂಡು ಚಂಪಾಳನ್ನು ಕೆರೆಯ ದಾರಿಯಲ್ಲಿ ಕರೆತಂದ ಆ ಮೆರವಣಿಗೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಶಿವಪುತ್ರ ತುಳಿಯುತ್ತಿದ್ದ, ನಾನು ಪಕ್ಕದಲ್ಲಿ ಓಡುತ್ತಾ ಬ್ರೇಕು ನೋಡಿಕೊಳ್ಳುತ್ತಿದ್ದೆ, ಮುಂದೆ ಮಾಣಿಕರಾವ್ ಕುಂಟುತ್ತಾ ಎಮ್ಮೆಗಳಿಗೆ "ಸರೀರಿ ರೀ, ಸರೀರಿ" ಎಂದು ಬೇಡಿಕೊಳ್ಳುತ್ತಿದ್ದರು. ಏರಿಯ ಏರು ಬಂದಾಗ ಗಾಡಿ ನಿಂತೇಹೋಯಿತು. ಹಿಂದಿನಿಂದ ಯಾರೋ ಸೈಕಲ್ಲು ಬಿಸಾಕಿ ಬಂದು ಗಾಡಿಗೆ ಹೆಗಲು ಕೊಟ್ಟರು. ತಿರುಗಿ ನೋಡಿದರೆ ಹಸಿರು ಸೈಕಲ್ಲಿನ ಉದ್ದ ಆಳು. "ಜೋರಾಗಿ ನೂಕ್ರೀ! ಅಂದಂಗ, ನಿಮ್ಮ ಹೆಸರೇನು?" ಎಂದೆ. "ಪರಪ್ಪ" ಎಂದರು. "ನಿಮ್ಮ ಚೈನು ಸಡಿಲ ಐತ್ರಿ" ಎಂದೆ. ವರ್ಷಗಟ್ಟಲೆ ಉಳಿಸಿದ ಹೊಸಬರು ಅರೆಕ್ಷಣದಲ್ಲಿ ಖರ್ಚಾಗಿಹೋದರು. ಆದರೂ ಹೇಳಿ ಹಗುರವಾಯಿತು.

ಚಂಪಾಳನ್ನು ಚಾಪೆಯ ಮೇಲೆ ಮಲಗಿಸಿದೆವು. ನೀಲಗಂಗವ್ವ ಕೂತಲ್ಲಿಂದಲೇ ಬಗ್ಗಿ ಅವಳ ತಲೆ ಸವರಿದರು. "ಹುಚ್ಚೀ, ಬೆಳಿಗ್ಗೆನ ಹೇಳಬಾರದೇನ?" ಎಂದರು. "ನೀವು ಕುಂತೀರೇನವ್ವಾ? ಹೆಂಗೈತಿ?" ಎಂದು ಚಂಪಾ ಆ ನೋವಿನಲ್ಲೂ ಕೇಳಿದಳು. "ಬಾಳ ಚಲೋ ಐತವ್ವಾ. ಈಗ ಜೋರು ಕೊಡು." ಅಂಗೈ ಮೇಲಾಗಿ ಬಿದ್ದಿದ್ದ ಆ ಕೈಗಳು ಮತ್ತೆ ತಮ್ಮ ಕೆಲಸಕ್ಕೆ ಬಂದಿದ್ದವು. ನಾನು ಅವರು ಕೇಳಿದ್ದನ್ನು ಎತ್ತಿಕೊಡುತ್ತಾ, ಚಂಪಾಳ ಹಿಡಿತಕ್ಕೆ ನನ್ನ ಬೆರಳು ಕೊಟ್ಟು ಕೂತೆ. ಸೀರೆಗಳ ಆಚೆ ಊರು ಉಸಿರು ಬಿಗಿಹಿಡಿದು ನಿಂತಿತ್ತು.

ಸೂರ್ಯ ಗುಡ್ಡದ ಹೆಗಲಿಗೆ ಬಂದಾಗ ಮಗು ಅತ್ತಿತು. ಗಂಡು. ಗಟ್ಟಿಮುಟ್ಟಾದ ಭೀಮ, ಮುಷ್ಟಿ ಕಟ್ಟಿಕೊಂಡೇ ಬಂದಿದ್ದ. ಸೀರೆಗಳ ಆಚೆ ಹೋ ಎಂಬ ಕೂಗು ಎದ್ದಿತು. ಗೂಳಪ್ಪನ ದನಿ ಎಲ್ಲರಿಗಿಂತ ಮೇಲೆ ಕೇಳಿತು: "ಕೂಸನ್ನ ಕಟ್ಟಿ ಮ್ಯಾಲ ಇಡ್ರಿ! ಹೊಸಬ ಬಂದಾನ, ಹೊಸಬ!"

ಅಷ್ಟು ಹೊತ್ತು ಅದು ನನಗೇ ಹೊಳೆದಿರಲಿಲ್ಲ. ಮಗುವನ್ನು ಒರೆಸಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ನೀಲಗಂಗವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಮಲಗಿಸಿದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ತೊಡೆಯ ಮೇಲೆ ಕೈಯೂರಿ ಏಳಲು ನೋಡಿದರು. ಕಟ್ಟೆ ಬಿಡಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಸೋತವರ ಹಾಗೆ ಭುಜ ಇಳಿಬಿಟ್ಟರು.

"ಇಂವ ಹೊಸಬ ಹೆಂಗಾದಾನವ್ವಾ?" ಎಂದರು. "ದಿನಾ ಸಂಜಿ ಮಾತಾಡೀನಿ ಇವನ ಜೋಡಿ. ಬೈದೀನಿ, ಮುದ್ದು ಮಾಡೀನಿ, ಹೆಸರ ಇಟ್ಟೀನಿ. ಹುಟ್ಟೂಕಿಂತ ಮೊದಲ ಗುರುತಾಗ್ಯಾನ. ಒಬ್ಬರನ್ನರೆ ಹೊಸಬರಾಗಿ ಇರಾಕ ಬಿಟ್ಟೀನೇನು ನಾ?" ಅವರ ಕಣ್ಣು ತುಂಬಿತು. ಅವರು ಅತ್ತದ್ದನ್ನು ನಾನು ಕಂಡವಳಲ್ಲ. ಊರಿನ ಎಲ್ಲ ಅಳುಗಳಿಗೂ ಅವರೇ ಎದುರಿಗಿದ್ದವರು, ಅವರ ಅಳುವಿಗೆ ಎದುರಿಗೆ ನಿಂತು ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರ ಮೊಳಕಾಲು ಒತ್ತುತ್ತಾ, "ಬರೂ ಸಂತಿಗೆ ಮೂಕರನ್ನ ಕರಸ್ತೀನಿ ಬಿಡ್ರಿ" ಎಂದೆ. ಮಗುವನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟೆ.

ಆಗ ಚಂಪಾ ಮತ್ತೆ ಕೂಗಿದಳು. ಎಲ್ಲ ಮುಗಿಯಿತು ಎಂದು ಒರಗಿದ್ದವಳು ನನ್ನ ಬೆರಳನ್ನು ಮುರಿದೇಹೋಗುವ ಹಾಗೆ ಹಿಡಿದಳು.

ನೀಲಗಂಗವ್ವ ಕಣ್ಣು ಒರೆಸಿಕೊಳ್ಳದೆಯೇ ಬಗ್ಗಿ ಹೊಟ್ಟೆಯ ಮೇಲೆ ಕೈಯಿಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಒತ್ತಿ ನೋಡಿದರು. ಕಿವಿಗೊಡುವವರಂತೆ ತಲೆ ಓರೆ ಮಾಡಿದರು. ಅವರ ಮುಖದಲ್ಲಿ ಬಂದದ್ದು ಗಾಬರಿಯಲ್ಲ, ನಾಚಿಕೆ. ಶಾಲೆಯಲ್ಲಿ ಯಾವಾಗಲೂ ಮೊದಲ ನಂಬರು ಬರುವ ಹುಡುಗಿಗೆ ಮಗ್ಗಿ ತಪ್ಪಿದ ಹಾಗೆ.

"ಇಂದೂ" ಎಂದರು ಮೆಲ್ಲಗೆ, "ಒಳಗ ಇನ್ನೊಬ್ಬರು ಅದಾರು."

ಅಣ್ಣನ ಬೆನ್ನಿನ ಹಿಂದೆ ಅಡಗಿ ಕೂತಿತ್ತು ಅದು. ಅಷ್ಟು ದಿನ ಅವರು ಭೀಮನಿಗೆ ಬೈಯುವಾಗ ಒಂದು ಒದೆತವನ್ನೂ ಕೊಡದೆ, ಒಂದು ಸುಳಿವನ್ನೂ ಬಿಡದೆ ಇತ್ತು. ಬರುವಾಗಲೂ ಗಲಾಟೆಯಿಲ್ಲ. ನೀಲಗಂಗವ್ವನ ಎರಡು ಕೈಗಳೊಳಗೆ ಜಾರಿ ಬಂದ ಆ ಹೆಣ್ಣುಕೂಸು ಅಂಗೈಯಗಲ, ಅಣ್ಣನ ಅರ್ಧ. ಅಳಲಿಲ್ಲ. ಉಸಿರೂ ಇದ್ದ ಹಾಗೆ ಕಾಣಲಿಲ್ಲ. ಚಂಪಾ ತಲೆಯೆತ್ತಿ, "ಯಾಕ ಸುಮ್ಮನೈತಿ? ಅವ್ವಾ, ಯಾಕ ಸುಮ್ಮನೈತಿ?" ಎಂದಳು. ಗೂಳಪ್ಪನ ಒಲೆಯ ಚಟಪಟ ಶಬ್ದ ಮಾತ್ರ ಕೇಳುತ್ತಿತ್ತು.

ನೀಲಗಂಗವ್ವ ಕೂಸನ್ನು ತಮ್ಮ ಪಕ್ಕದಲ್ಲಿ ಕಟ್ಟೆಯ ಮೇಲೆ ಮಲಗಿಸಿ, ಬೆರಳಿಂದ ಬಾಯಿ ಒರೆಸಿ, ಅಂಗಾಲನ್ನು ಪಟಪಟ ತಟ್ಟಿದರು. ಮುಖದ ಹತ್ತಿರ ಮುಖ ತಂದು ಕೇಳಿದರು.

"ಯಾರವ್ವಾ ನೀ? ಯಾ ಊರಾಕಿ?"

ಕೂಸು ಬಾಯಿ ತೆರೆಯಿತು. ಸಣ್ಣ ದನಿ, ಬೆಕ್ಕಿನ ಮರಿಯಂಥದ್ದು. ಎರಡನೆಯ ಸಲ ಸ್ವಲ್ಪ ದೊಡ್ಡದಾಯಿತು. ಮೂರನೆಯದು ಕೆರೆಯ ಆಚೆ ದಂಡೆಗೆ ಕೇಳುವಂತಿತ್ತು.

"ಥಂಡಿ ಆಗೇತಿ ಇದಕ್ಕ. ಬೆಚ್ಚನ ಅರಿವಿ ಎಲ್ಲೈತಿ? ಒಬ್ಬರಿಗರೆ ಕೊಡಾಕ ಬರತೈತೇನು?" ಎಂದು ಬೈಯುತ್ತಾ ನೀಲಗಂಗವ್ವ ಕೂಸನ್ನು ಎದೆಗೆ ಅವಚಿಕೊಂಡು ಎದ್ದು, ಸೀರೆಯ ಮರೆಯನ್ನು ಸರಿಸಿ, ಗೂಳಪ್ಪನ ಒಲೆಯ ಹತ್ತಿರ ಕಾಯಲು ಹಾಕಿದ್ದ ಬಟ್ಟೆಯ ಕಡೆಗೆ ನಾಲ್ಕು ಹೆಜ್ಜೆ ನಡೆದುಹೋದರು.

ಅವರಿಗೆ ಗೊತ್ತೇ ಆಗಿರಲಿಲ್ಲ. ಬಟ್ಟೆ ಸುತ್ತಿ, ಮೂಗು ಒರೆಸಿ, ಕಿವಿಯ ಹಿಂದೆ ನೋಡಿ, "ಅಣ್ಣನ ಹಿಂದ ಅಡಗಿದ್ದೆಲ್ಲ, ಕಳ್ಳಿ" ಎಂದು ಗಲ್ಲ ಹಿಂಡಿ, ಆಮೇಲೆ ತಲೆಯೆತ್ತಿ ನಮ್ಮನ್ನು ನೋಡಿದರು. "ಏನ್ರೇ ಹಂಗ್ಯಾಕ ನೋಡತೀರಿ?"

"ಅವ್ವಾ" ಎಂದೆ. "ನೀವು ಎದ್ದೀರಿ."

ಅವರು ತಮ್ಮ ಕಾಲು ನೋಡಿಕೊಂಡರು. ಖಾಲಿ ಕಟ್ಟೆ ನೋಡಿದರು. ಕೈಯಲ್ಲಿದ್ದ ಕೂಸನ್ನು ಎಷ್ಟೋ ಹೊತ್ತು ನೋಡಿದರು. "ಇಷ್ಟು ವರ್ಷದಾಗ ನನಗ ಗೊತ್ತಿಲ್ಲದ ಬಂದಾಕಿ ನೀ ಒಬ್ಬಾಕಿನ ನೋಡವ್ವಾ" ಎಂದು ಅದರ ಹಣೆಗೆ ಹಣೆ ತಾಗಿಸಿದರು. ನಾನು ಅತ್ತುಬಿಟ್ಟೆ, ಮುಚ್ಚಿಟ್ಟುಕೊಂಡು ಏನಾಗಬೇಕು? ಸೀರೆಯ ಆಚೆ ನಿಂತಿದ್ದ ಪರಪ್ಪನವರೂ ಮೂಗು ಎಳೆದುಕೊಳ್ಳುತ್ತಿದ್ದರು.

ಅವರು ಕೂಸನ್ನು ಎತ್ತಿ ಹಿಡಿದು ಜನರ ಕಡೆ ತಿರುಗಿದಾಗ ಊರಿನವರೆಲ್ಲ ಅಭ್ಯಾಸದಂತೆ ಬೆನ್ನು ತಿರುಗಿಸಿ ನಿಂತಿದ್ದರು. ಇಬ್ಬಿಬ್ಬರು ಹೊಸಬರು ಒಂದೇ ದಿನ! ಯಾರು ತಾನೇ ಉಳಿಸಿಕೊಳ್ಳುವುದಿಲ್ಲ? ಸಾಲಾಗಿ ಬೆನ್ನುಗಳು, ಬನ್ನಿನ ಬುಟ್ಟಿ, ಸೈಕಲ್ಲುಗಳು, ಆಚೆ ಕೆಂಪಗಾದ ನೀರು.

"ಎಲ್ಲಾರೂ ಆ ಕಡೆ ನೋಡಿದ್ರ ಇದಕ್ಕ ಬಾ ಅನ್ನವರು ಯಾರ್ರೋ?" ಎಂದರು ನೀಲಗಂಗವ್ವ.

ಮೊದಲು ಗೂಳಪ್ಪ ತಿರುಗಿದ. ಆಮೇಲೆ ಮಾಣಿಕರಾವ್, ಕೈಮುಗಿದುಕೊಂಡೇ ತಿರುಗಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಬಗ್ಗಿ ನೋಡಿದರು, ಮೂಗು ಅಮ್ಮನದು, ಕಿವಿ ಅಪ್ಪನದು, ಧೈರ್ಯ ಯಾರದೋ ಗೊತ್ತಿಲ್ಲ ಎಂದರು. ಆ ಸಂಜೆ ನಮ್ಮೂರಿನಲ್ಲಿ ಒಂದು ಕೂಸನ್ನು ಎಲ್ಲರೂ ನೋಡಿದೆವು, ಒಬ್ಬರೂ ಅದನ್ನು ಹೊಸಬಳಾಗಿ ಉಳಿಸಿಕೊಳ್ಳಲಿಲ್ಲ. ಶಿವಪುತ್ರ ಬನ್ನು ಹಂಚಿದ.

ಕೊನೆಗೆ ನೀಲಗಂಗವ್ವ ಚಾಪೆಯ ಹತ್ತಿರ ಬಂದು ಕಷ್ಟಪಟ್ಟು ಮೊಳಕಾಲೂರಿ ಚಂಪಾಳ ಪಕ್ಕದಲ್ಲಿ ಕೂತರು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಬರೀ ಕೆರೆ ಮತ್ತು ಎಮ್ಮೆ. ಅದರ ಕಡೆ ಅವರು ನೋಡಲೂ ಇಲ್ಲ. ಅವರಿಗೆ ಇನ್ನೂ ಒಂದು ಪ್ರಶ್ನೆ ಬಾಕಿ ಇತ್ತು. ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟು, "ಉಂಡಿಯೋ ಇಲ್ಲೋ?" ಎಂದು ಕೇಳಿ, ಅದನ್ನು ತಾಯಿಯ ಎದೆಗೆ ಕೊಟ್ಟರು.